ಡೀಸೆಲ್ಲಿನಲ್ಲಿ ನೀರು, ದಂಡ ಮಾತ್ರ ದುಡಿಯುವವನಿಗೆ!

2025ರ ಜೂನ್ 26ರ ರಾತ್ರಿ ಮಧ್ಯಪ್ರದೇಶದ ರತ್ಲಾಮಿನಲ್ಲಿ ಒಂದು ಸೋಜಿಗ ನಡೆಯಿತು. ಮರುದಿನದ ಸಮಾರಂಭಕ್ಕೆ ಬರಲಿದ್ದ ಮುಖ್ಯಮಂತ್ರಿಗಳ ಬೆಂಗಾವಲಿಗೆಂದು ಸಜ್ಜಾದ ಕಾರುಗಳು ಬಂಕಿನಲ್ಲಿ ಡೀಸೆಲ್ ತುಂಬಿಸಿಕೊಂಡು ಹೊರಟವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಂದರ ಹಿಂದೊಂದು ಕೆಟ್ಟು ನಿಂತವು. ಒಟ್ಟು 19 ಕಾರುಗಳು! ಟ್ಯಾಂಕಿ ಬಿಚ್ಚಿ ನೋಡಿದರೆ ಡೀಸೆಲ್ಲಿನ ಜತೆಗೆ ನೀರು. ಅಧಿಕಾರಿಗಳು ಓಡೋಡಿ ಬಂದರು. ಬಂಕಿಗೆ ಬೀಗಮುದ್ರೆ ಬಿತ್ತು. ಇಂದೋರಿನಿಂದ ಬದಲಿ ಕಾರುಗಳು ಬಂದವು.

ಈ ಸುದ್ದಿಯನ್ನು ಓದಿ ನಕ್ಕವರು ಬಹಳ ಮಂದಿ. ನಾವು ಕೇಳುವುದು ಬೇರೆ ಪ್ರಶ್ನೆ. ಇದೇ ನೀರು ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ಒಬ್ಬ ಕಾಯಿ ವ್ಯಾಪಾರಿಯ ಹಳೆಯ ಪಿಕಪ್ಪಿನ ಟ್ಯಾಂಕಿಗೆ ಬಿದ್ದರೆ ಯಾವ ಅಧಿಕಾರಿ ಓಡಿ ಬರುತ್ತಾನೆ? ಯಾವ ಬಂಕಿಗೆ ಬೀಗ ಬೀಳುತ್ತದೆ? ಯಾವ ಊರಿನಿಂದ ಬದಲಿ ಗಾಡಿ ಬರುತ್ತದೆ? ಉತ್ತರ ಓದುಗರಿಗೆಲ್ಲ ಗೊತ್ತು. ಗಾಡಿ ರಸ್ತೆಯ ಪಕ್ಕದಲ್ಲಿ ನಿಲ್ಲುತ್ತದೆ, ಹಗ್ಗ ಕಟ್ಟಿ ಎಳೆದುಕೊಂಡು ಗ್ಯಾರೇಜಿಗೆ ಒಯ್ಯಬೇಕಾಗುತ್ತದೆ, ಚೀಟಿಯ ಮೊತ್ತ ಬಡಪಾಯಿಯ ಜೇಬಿನಿಂದ ಹೋಗುತ್ತದೆ. ಅಷ್ಟೇ.

ಶ್ರೀರಾಂಪುರದಂಥ ಹೋಬಳಿ ಕೇಂದ್ರಗಳಿಗೆ ಪಿಕಪ್ಪು ಷೋಕಿಯ ವಸ್ತುವಲ್ಲ. ಹೊಸದುರ್ಗ ರೋಡ್ ಎಂದು ಹೆಸರು ಹೊತ್ತ ರೈಲು ನಿಲ್ದಾಣವೇ ಹೊಸದುರ್ಗ ಪಟ್ಟಣದಿಂದ ದೂರ. ಹೋಬಳಿಗಳ ಮಾತು ಕೇಳುವುದೇ ಬೇಡ. ತೆಂಗಿನಕಾಯಿ ಮತ್ತು ಕೊಬ್ಬರಿ ತಿಪಟೂರಿನ ಮಾರುಕಟ್ಟೆ ಮುಟ್ಟಬೇಕಾದರೆ, ಈರುಳ್ಳಿಯ ಚೀಲಗಳು ಮಂಡಿ ಸೇರಬೇಕಾದರೆ, ಸಂತೆಯ ಅಂಗಡಿಗೆ ಸರಕು ಬರಬೇಕಾದರೆ, ಎಣ್ಣೆ ಮಿಲ್ಲಿಗೆ ಕಾಳು ಹೋಗಬೇಕಾದರೆ ಈ ಗಾಡಿಗಳೇ ಗತಿ. ಹೊಸ ಗಾಡಿ ಕೊಳ್ಳಲು ಲಕ್ಷಗಟ್ಟಲೆ ರೂಪಾಯಿ ಬೇಕು. ಆದ್ದರಿಂದ ಸಣ್ಣವರ ಪಾಲಿಗೆ ಬರುವುದು ಎರಡನೆಯ ಕೈಯ, ಮೂರನೆಯ ಕೈಯ ಗಾಡಿ. ಅದರ ಮೇಲೂ ಸಾಲ, ಅದಕ್ಕೂ ತಿಂಗಳ ಕಂತು. ಇಂಥ ಗಾಡಿ ನಾಲ್ಕು ದಿನ ನಿಂತರೆ ನಾಲ್ಕು ದಿನದ ಅನ್ನ ನಿಂತಂತೆ.

ಇನ್ನು ನೀರು ಮಾಡುವ ಅನಾಹುತವೇನೆಂದು ನೋಡೋಣ. ಒಂದು ಲೀಟರ್ ನೀರು ಒಂದು ಕಿಲೋ ತೂಗಿದರೆ ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ ಮಾತ್ರ ತೂಗುತ್ತದೆ. ಎಣ್ಣೆ ಮಿಲ್ಲಿನಲ್ಲಿ ದುಡಿದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಎಣ್ಣೆ ಮೇಲೆ, ನೀರು ತಳಕ್ಕೆ. ಎಂಜಿನ್ನಿಗೆ ಡೀಸೆಲ್ ಹೀರುವ ಕೊಳವೆ ಇರುವುದೂ ಟ್ಯಾಂಕಿಯ ತಳದ ಹತ್ತಿರವೇ. ನಲವತ್ತು ಲೀಟರಿನಲ್ಲಿ ನಾಲ್ಕು ಲೀಟರ್ ನೀರಿದ್ದರೆ ಎಂಜಿನ್ನಿಗೆ ಹತ್ತರಲ್ಲಿ ಒಂದು ಪಾಲು ನೀರು ಹೋಗುತ್ತದೆಂದು ಯಾರೂ ಸಮಾಧಾನ ಪಡಬೇಕಾಗಿಲ್ಲ. ತಳದಲ್ಲಿ ಕೂತ ನೀರೇ ಮೊದಲು ಹೋಗುತ್ತದೆ, ಶುದ್ಧ ನೀರಾಗಿಯೇ ಹೋಗುತ್ತದೆ.

ಡೀಸೆಲ್ ಪಂಪಿಗೆ ಬೇರೆ ಎಣ್ಣೆ ಹಾಕುವವರಿಲ್ಲ. ಅದರೊಳಗಿನ ನುಣುಪಾದ ಭಾಗಗಳು ಸವೆಯದಂತೆ ಕಾಯುವುದು ಡೀಸೆಲ್ಲೇ. ಅಲ್ಲಿಗೆ ನೀರು ಹೋದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ, ಎರಡು ದಿನ ನಿಂತರೆ ತುಕ್ಕು ಹಿಡಿಯುತ್ತದೆ. ನಾಜಲಿನ ತುದಿಯ ಕಾವಿಗೆ ನೀರು ಒಮ್ಮೆಲೇ ಆವಿಯಾಗಿ ತುದಿಯನ್ನೇ ಸೀಳಬಲ್ಲದು. ನೀರು ಬಹುಕಾಲ ತಳದಲ್ಲಿ ಉಳಿದರೆ ನೀರು-ಡೀಸೆಲ್ ಕೂಡುವ ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗಿ ಫಿಲ್ಟರನ್ನು ಕಟ್ಟುತ್ತವೆ. ಸೀಮೆಎಣ್ಣೆ ಬೆರೆಸಿದ ಡೀಸೆಲ್ಲಿನ ಕೆಡುಕು ಇನ್ನೊಂದು ಬಗೆಯದು. ಗಾಡಿ ನಿಲ್ಲುವುದಿಲ್ಲ, ಓಡುತ್ತದೆ. ಆದರೆ ತೆಳ್ಳಗಿನ ಎಣ್ಣೆ ಒಳಗೊಳಗೇ ಪಂಪನ್ನು ಸವೆಸುತ್ತದೆ. ನೀರು ದರೋಡೆಕೋರನಾದರೆ ಸೀಮೆಎಣ್ಣೆ ಕಿಸೆಗಳ್ಳ.

ಲೆಕ್ಕ ಹಾಕೋಣ. 2025ರ ಏಪ್ರಿಲ್ 1ರಂದು ನಮ್ಮ ರಾಜ್ಯ ಸರಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇಕಡಾ 21.17ಕ್ಕೆ ಏರಿಸಿದಾಗ ಬೆಂಗಳೂರಿನಲ್ಲಿ ಲೀಟರಿನ ಬೆಲೆ 91 ರೂಪಾಯಿ ದಾಟಿತು. ಆ ಬೆಲೆಯಲ್ಲಿ ನಾಲ್ಕು ಲೀಟರಿಗೆ 364 ರೂಪಾಯಿ. ಬಂಕಿನವನು ಬಹಳ ದೊಡ್ಡ ಮನಸ್ಸು ಮಾಡಿದರೆ ಈ 364 ರೂಪಾಯಿಯ ಡೀಸೆಲ್ಲನ್ನು ಮತ್ತೆ ಹಾಕಿಕೊಟ್ಟಾನು. ಟ್ಯಾಂಕಿ ಇಳಿಸಿ ತೊಳೆದ ಕೂಲಿ, ಹೊಸ ಫಿಲ್ಟರು, ನಾಜಲು ಮತ್ತು ಪಂಪಿನ ರಿಪೇರಿ, ತಪ್ಪಿದ ಬಾಡಿಗೆ, ದಾರಿಯಲ್ಲೇ ಬಾಡಿದ ಸರಕು, ಕಂತಿನ ಮೇಲಿನ ತಡಬಡ್ಡಿ ಇವನ್ನೆಲ್ಲ ಕಟ್ಟಿಕೊಡುವವರು ಯಾರು? ಅನಾಹುತ ಮಾಡಿದವನ ಹೊಣೆ ನಾಲ್ಕು ಲೀಟರಿಗೆ ಮುಗಿಯುತ್ತದೆ. ಅನುಭವಿಸಿದವನ ಹೊಣೆಗೆ ಕೊನೆಯಿಲ್ಲ. ಇದು ಯಾವ ಸೀಮೆಯ ನ್ಯಾಯ?

ಕೇಳಲು ಹೋದವನಿಗೆ ಸಿಗುವ ಉತ್ತರ ಎಲ್ಲೆಡೆಯೂ ಒಂದೇ. "ನಿನ್ನ ಗಾಡಿ ಹಳೆಯದು. ಟ್ಯಾಂಕಿ ತುಕ್ಕು ಹಿಡಿದಿದೆ. ಇನ್ನೂ ಹತ್ತು ಜನ ಇಲ್ಲೇ ತುಂಬಿಸಿಕೊಂಡು ಹೋದರು, ಅವರಿಗೆ ಏನೂ ಆಗಲಿಲ್ಲವಲ್ಲ?" ಮಿಲ್ಲಿನ ಬಂಧುಗಳಿಗೆ ಈ ರಾಗ ಹೊಸದಲ್ಲ. ಯಂತ್ರ ಕೆಟ್ಟರೆ ಕೂಲಿಕಾರನ ಕೈ ಸರಿಯಿಲ್ಲ ಎನ್ನುವ ಯಜಮಾನನ ರಾಗವೇ ಇದು.

ಈ ಮಾತಿನಲ್ಲಿ ನಿಜವೇ ಇಲ್ಲವೆಂದು ನಾವು ಹೇಳುವುದಿಲ್ಲ. ಹಳೆಯ ತಗಡಿನ ಟ್ಯಾಂಕಿ ಒಳಗೆ ತುಕ್ಕು ಹಿಡಿಯುವುದುಂಟು. ಅರ್ಧ ಖಾಲಿ ಟ್ಯಾಂಕಿಯನ್ನು ಚಳಿಯ ರಾತ್ರಿ ನಿಲ್ಲಿಸಿದರೆ ಒಳಗಿನ ಗಾಳಿಯ ತೇವ ಹನಿಗಟ್ಟುವುದುಂಟು. ಆದರೆ ಹಾಗೆ ಸೇರುವುದು ಹನಿಗಳ ಲೆಕ್ಕದ ನೀರು. ಒಂದು ರಾತ್ರಿಯಲ್ಲಿ ಲೀಟರುಗಟ್ಟಲೆ ನೀರು ಹಾಗೆ ಹುಟ್ಟುವುದಿಲ್ಲ. ರತ್ಲಾಮಿನ ಕಾರುಗಳೂ ಹಳೆಯವಾಗಿದ್ದವೆ? ಹೊಸ ಬಗೆಯ ಡೀಸೆಲ್ ಎಂಜಿನ್ನುಗಳ ಪಂಪಿನಲ್ಲಿ ಸಾವಿರ ಬಾರಿಗೂ ಮೀರಿದ ಒತ್ತಡ ಇರುವುದರಿಂದ ಅವು ಕೊಳೆಯನ್ನು ಹಳೆಯವಕ್ಕಿಂತಲೂ ಕಡಮೆ ತಾಳುತ್ತವೆ.

ಹತ್ತು ಜನಕ್ಕೆ ಏನೂ ಆಗಲಿಲ್ಲವೆಂಬ ಮಾತಿಗೂ ಉತ್ತರವಿದೆ. ಬಂಕಿನ ನೆಲದೊಳಗಿನ ಟ್ಯಾಂಕಿಯಲ್ಲೂ ನೀರು ತಳದಲ್ಲೇ ಇರುತ್ತದೆ, ಹೀರುವ ಕೊಳವೆ ತಳಕ್ಕಿಂತ ತುಸು ಮೇಲಿರುತ್ತದೆ. ಮಳೆಗೆ ನೀರು ಇಳಿದು ಆ ಮಟ್ಟ ಮುಟ್ಟುವವರೆಗೆ ಬಂದವರೆಲ್ಲ ಬಚಾವು. ಮುಟ್ಟಿದ ಗಳಿಗೆಯಲ್ಲಿ ಬಂದವನು ಕೆಟ್ಟ. ಆದ್ದರಿಂದ ಹತ್ತು ಜನರ ಸಾಕ್ಷಿ ಹನ್ನೊಂದನೆಯವನ ವಿರುದ್ಧ ನಿಲ್ಲದು.

ಹಾಗಾದರೆ ತೀರ್ಮಾನ ಹೇಗೆ? ಪರೀಕ್ಷೆಯಿಂದ. ಬಂಕಿನ ಟ್ಯಾಂಕಿಗೆ ಅಳತೆಯ ಕೋಲು ಇಳಿಬಿಡುತ್ತಾರಲ್ಲ, ಅದರ ತುದಿಗೆ ಹಚ್ಚುವ ಒಂದು ಪೇಸ್ಟು ಇದೆ. ನೀರು ತಾಗಿದರೆ ಅದರ ಬಣ್ಣ ಬದಲಾಗುತ್ತದೆ. ಕೆಲವೇ ನಿಮಿಷದ ಕೆಲಸ. ಸಾಂದ್ರತೆ ನೋಡುವ ಹೈಡ್ರೋಮೀಟರೂ ಬಂಕಿನಲ್ಲಿ ಇರಲೇಬೇಕು. 15 ಡಿಗ್ರಿ ಉಷ್ಣತೆಗೆ ಸರಿಹೊಂದಿಸಿದ ಸಾಂದ್ರತೆ ಟ್ಯಾಂಕರಿನ ಚಲನ್ನಿನಲ್ಲಿರುವ ಅಂಕಿಗಿಂತ ಘನ ಮೀಟರಿಗೆ 3 ಕಿಲೋಗಿಂತ ಹೆಚ್ಚು ಏರುಪೇರಾದರೆ ಸಂಶಯಕ್ಕೆ ಕಾರಣವುಂಟು. ಫಿಲ್ಟರ್ ಕಾಗದದ ಮೇಲೆ ಹನಿ ಬಿಟ್ಟು ನೋಡುವುದು ಪೆಟ್ರೋಲಿಗೆ ಸರಿ. ಡೀಸೆಲ್ ಒಳ್ಳೆಯದಿದ್ದರೂ ಕಲೆ ಬಿಡುತ್ತದೆ, ಆ ಆಟಕ್ಕೆ ಮರುಳಾಗಬೇಡಿ.

ಆದರೆ ಗಂಟು ಇರುವುದು ಇಲ್ಲೇ. 2005ರ ಕೇಂದ್ರ ಸರಕಾರದ ಆಜ್ಞೆಯಂತೆ ಕಲಬೆರಕೆಯ ಮೊಕದ್ದಮೆಗೆ ಬೇಕಾದ ಸ್ಯಾಂಪಲನ್ನು ತೆಗೆಯುವ ಅಧಿಕಾರ ಸರಕಾರದ, ಇಲ್ಲವೆ ತೈಲ ಕಂಪನಿಯ ಅಧಿಕಾರಿಗೆ. ಟ್ಯಾಂಕರು ಬಂದಾಗ ಬಂಕಿನವನು ಸ್ಯಾಂಪಲ್ ತೆಗೆದಿಡುತ್ತಾನೆ. ನಾಳೆ ಕಂಪನಿ ತಕರಾರು ಮಾಡಿದರೆ ಅವನಿಗೆ ಅದು ಗುರಾಣಿ. ಕಂಪನಿಗೆ ತನ್ನದೇ ಪ್ರಯೋಗಶಾಲೆ. ಡ್ರೈವರಿನ ಕೈಯ ಬಾಟಲಿಗೆ ಮಾತ್ರ ಮುದ್ರೆಯಿಲ್ಲ, ಮಾನವಿಲ್ಲ. ಅಧಿಕಾರಿ ಜಿಲ್ಲಾ ಕೇಂದ್ರದಿಂದ ಹೋಬಳಿಗೆ ಬರುವಷ್ಟರಲ್ಲಿ ಬಂಕಿನ ಟ್ಯಾಂಕಿಗೆ ಹೊಸ ಲೋಡು ಬಿದ್ದಿದ್ದರೆ ಪರೀಕ್ಷೆಗೆ ಸಿಗುವುದು ಯಾವ ಡೀಸೆಲ್?

ಕಾನೂನು ಪ್ರಾಮಾಣಿಕವಾಗಿ ನಡೆಯಬೇಕೆಂದು ಹೊರಟವರ ಗತಿಯನ್ನೂ ನಾಡು ಕಂಡಿದೆ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬೆಳೆದು ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಮಂಜುನಾಥ್ ಷಣ್ಮುಗಂ ಎಂಬ ಯುವಕ ಇಂಡಿಯನ್ ಆಯಿಲ್ ಕಂಪನಿಯ ಮಾರಾಟ ಅಧಿಕಾರಿಯಾಗಿ ಉತ್ತರಪ್ರದೇಶಕ್ಕೆ ಹೋದ. ಲಖೀಂಪುರ ಖೇರಿಯಲ್ಲಿ ಕಲಬೆರಕೆ ಬಂಕನ್ನು ಹಿಡಿದ ತಪ್ಪಿಗೆ 2005ರ ನವೆಂಬರ್ 19ರಂದು ಅವನನ್ನು ಗುಂಡಿಕ್ಕಿ ಕೊಂದರು. ಅವನಿಗಾಗ 27 ವರ್ಷ. 2011ರ ಜನವರಿ 25ರಂದು ಮಹಾರಾಷ್ಟ್ರದ ಮನ್ಮಾಡಿನ ಬಳಿ ಎಣ್ಣೆ ಕಳ್ಳರನ್ನು ತಡೆಯಹೋದ ಅಪರ ಜಿಲ್ಲಾಧಿಕಾರಿ ಯಶವಂತ ಸೋನವಣೆಯವರನ್ನು ಹಾಡಹಗಲೇ ಸುಟ್ಟುಹಾಕಿದರು. ಪಡಿತರದ ಅಗ್ಗದ ಸೀಮೆಎಣ್ಣೆಗೂ ಡೀಸೆಲ್ಲಿಗೂ ಇದ್ದ ಬೆಲೆಯ ಅಂತರವೇ ಅಂದಿನ ಕಳ್ಳರ ಲಾಭ. ಸೀಮೆಎಣ್ಣೆಯ ಕಾಲ ಹಿಂದೆ ಸರಿದರೂ ಅಂತರದ ಲಾಭ ಸತ್ತಿಲ್ಲ: ಗುಜರಾತಿನಲ್ಲಿ ಕಾರ್ಖಾನೆಯ ಎಣ್ಣೆಯನ್ನೇ ಜೈವಿಕ ಡೀಸೆಲ್ ಎಂದು ಮಾರುವ ದಂಧೆ ಹೊರಬಿತ್ತು.

ತೆರಿಗೆಯ ವಿಷಯದಲ್ಲಿ ಸರಕಾರಗಳ ಕಣ್ಣು ಎಷ್ಟು ಚುರುಕು ನೋಡಿ. 2025ರ ಏಪ್ರಿಲ್ ಒಂದೇ ತಿಂಗಳಲ್ಲಿ ರಾಜ್ಯ ಮಾರಾಟ ತೆರಿಗೆ ಏರಿಸಿತು, ಕೇಂದ್ರ ಅಬಕಾರಿ ಸುಂಕವನ್ನು ಲೀಟರಿಗೆ 2 ರೂಪಾಯಿ ಏರಿಸಿತು. ಡೀಸೆಲ್ಲಿನೊಂದಿಗೆ ನೀರು ಬಂದರೆ ಆ ನೀರಿಗೂ ತೆರಿಗೆ ಕೊಟ್ಟೇ ಬರುತ್ತೇವೆ! ಬೆಲೆಯ ವಿರುದ್ಧ ಲಾರಿ ಮಾಲೀಕರು ಅದೇ ತಿಂಗಳು ಮುಷ್ಕರ ಹೂಡಿದರು, ಅದು ನ್ಯಾಯವೇ. ಆದರೆ ಕೊಟ್ಟ ಬೆಲೆಗೆ ತಕ್ಕ ಮಾಲು ಕೊಡಿರೆಂದು ಕೇಳುವ ದನಿಯೂ ಅಷ್ಟೇ ಗಟ್ಟಿಯಾಗಿ ಏಳಬೇಕು.

ಈಗ ಮಾಡಬೇಕಾದದ್ದೇನು? ಮೊದಲು ನಮ್ಮ ಕೈಯಲ್ಲಿರುವುದು. ಡೀಸೆಲ್ ತುಂಬಿಸಿದಾಗಲೆಲ್ಲ ಮುದ್ರಿತ ಬಿಲ್ಲು ಕೇಳಿ ಪಡೆಯಿರಿ, ಬಿಲ್ಲಿಲ್ಲದವನಿಗೆ ಬಾಯಿಲ್ಲ. ತುಂಬಿಸಿದ ಸ್ವಲ್ಪ ಹೊತ್ತಿಗೆ ಗಾಡಿ ಜಗ್ಗಿದರೆ, ಬಿಳಿ ಹೊಗೆ ಬಂದರೆ, ನಿಂತುಬಿಟ್ಟರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಒಂದೊಂದು ಸುತ್ತಿಗೂ ನೀರು ಮುಂದಕ್ಕೆ ಹೋಗುತ್ತದೆ. ಫಿಲ್ಟರಿನ ತಳದ ತಿರುಪು ಸಡಿಲಿಸಿ ಬಂದದ್ದನ್ನು ತಿಳಿ ಬಾಟಲಿಯಲ್ಲಿ ಹಿಡಿದು ಅಲ್ಲಾಡಿಸದೆ ಇಡಿ. ನೀರಿದ್ದರೆ ತಳದಲ್ಲಿ ಗೆರೆ ಎಳೆದಂತೆ ಕಾಣುತ್ತದೆ. ಇಬ್ಬರು ಸಾಕ್ಷಿಗಳ ಎದುರು ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ದೂರು ಬರೆದು ಕೊಟ್ಟ ಮೇಲೆಯೇ ಟ್ಯಾಂಕಿ ಖಾಲಿ ಮಾಡಿಸಿ. ಅನಂತರ ಟ್ಯಾಂಕಿ ತೊಳೆದು, ಫಿಲ್ಟರ್ ಬದಲಿಸಿ, ಏರ್ ತೆಗೆಸಿ ಗಾಡಿ ಹೊರಡಿಸಿ. ಗ್ಯಾರೇಜಿನ ಚೀಟಿ ಎಸೆಯಬೇಡಿ. ಬಂಕಿನಲ್ಲಿ ಪೈಪು ಹಿಡಿಯುವ ಹುಡುಗನ ಮೇಲೆ ಕೈ ಮಾಡಬೇಡಿ. ಡೀಸೆಲ್ ತರಿಸುವವನೂ ಅವನಲ್ಲ, ಲಾಭ ತಿನ್ನುವವನೂ ಅವನಲ್ಲ; ಅವನೂ ನಮ್ಮಂತೆಯೇ ದಿನಗೂಲಿಯವನು.

2019ರ ಗ್ರಾಹಕ ರಕ್ಷಣಾ ಕಾಯಿದೆ ನಮಗೊಂದು ಬಾಗಿಲು ತೆರೆದಿದೆ. ಬಾಡಿಗೆ ಗಾಡಿ ವ್ಯಾಪಾರದ್ದು, ನೀನು ಗ್ರಾಹಕನೇ ಅಲ್ಲ ಎಂದು ಯಾರಾದರೂ ಹೆದರಿಸಿದರೆ ಹೆದರಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡು ಬಳಸುವವನೂ ಗ್ರಾಹಕನೇ ಎಂದು ಆ ಕಾಯಿದೆಯಲ್ಲೇ ಇದೆ. ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. 1915 ಎಂಬ ಸಂಖ್ಯೆಗೆ ಫೋನು ಮಾಡಿಯೂ ದೂರು ದಾಖಲಿಸಬಹುದು.

ಆದರೆ ಬಾಟಲಿ ಹಿಡಿದು ಒಬ್ಬೊಬ್ಬನೇ ಅಲೆದರೆ ಗಂಟು ಬಿಚ್ಚದು. ನಮ್ಮ ಬೇಡಿಕೆಗಳು ನಾಲ್ಕು. ಮಳೆಗಾಲದಲ್ಲಿ ಪ್ರತಿ ಬಂಕಿನವರೂ ದಿನ ಬೆಳಗ್ಗೆ ಪೇಸ್ಟು ಹಚ್ಚಿ ನೀರಿನ ಪರೀಕ್ಷೆ ಮಾಡಿ ಫಲಿತಾಂಶವನ್ನು ಕನ್ನಡದಲ್ಲಿ ಹಲಗೆಯ ಮೇಲೆ ಬರೆಯಬೇಕು. ದೂರು ಬಂದ ದಿನವೇ ಸ್ಯಾಂಪಲ್ ತೆಗೆಯುವ ಅಧಿಕಾರಿ ತಾಲ್ಲೂಕು ಕೇಂದ್ರದಲ್ಲಿರಬೇಕು. ಅಲ್ಲಿಯವರೆಗೆ ಆ ಟ್ಯಾಂಕಿಗೆ ಹೊಸ ಲೋಡು ಇಳಿಸಬಾರದು. ಬಂಕಿನವನ ಎದುರಿನಲ್ಲೇ ಗ್ರಾಹಕನ ಬಾಟಲಿಗೂ ಮುದ್ರೆ ಬಿದ್ದು ಅದೂ ಸಾಕ್ಷಿಯಾಗಬೇಕು. ತಪ್ಪು ಸಿದ್ಧವಾದರೆ ರಿಪೇರಿಯ ಖರ್ಚಿನ ಜತೆಗೆ ನಿಂತ ದಿನಗಳ ದುಡಿಮೆಯನ್ನೂ ಬಂಕು ಮತ್ತು ತೈಲ ಕಂಪನಿ ಕೂಡಿ ಕಟ್ಟಿಕೊಡಬೇಕು.

ಇವುಗಳಲ್ಲಿ ಯಾವುದು ಅಸಾಧ್ಯ? ಬೆಂಗಾವಲಿನ ಕಾರುಗಳಿಗಾಗಿ ಒಂದು ರಾತ್ರಿಯಲ್ಲಿ ನಡೆದದ್ದು ಕಾಯಿ ಹೊರುವ ಗಾಡಿಗಾಗಿ ಒಂದು ಹಗಲಿನಲ್ಲಿ ನಡೆಯಲಾರದೆ? ಶ್ರೀರಾಂಪುರ, ಹೊಸದುರ್ಗ, ಹೊಳಲ್ಕೆರೆ, ಹಿರಿಯೂರುಗಳ ಗಾಡಿ ಮಾಲೀಕರು, ಡ್ರೈವರುಗಳು, ಅಂಗಡಿಕಾರರು, ಹಮಾಲರು, ಮಿಲ್ಲಿನ ಕೆಲಸಗಾರರು ತಮ್ಮ ತಮ್ಮ ಊರಿನ ಸಂತೆಯ ದಿನವೇ ಕೂಡಲಿ. ಕೆಟ್ಟ ಡೀಸೆಲ್ಲಿನ ಬಾಟಲಿ, ಬಿಲ್ಲು, ಗ್ಯಾರೇಜಿನ ಚೀಟಿ ಇದ್ದವರು ತರಲಿ. ಈ ನಾಲ್ಕು ಬೇಡಿಕೆಗಳಿಗೆ ಸಹಿ ಹಾಕಿ ತಹಸೀಲ್ದಾರರ ಕಛೇರಿಗೆ ಒಯ್ಯೋಣ. ಬಾಟಲಿಗಳನ್ನೂ ಅವರ ಮೇಜಿನ ಮೇಲೆ ಸಾಲಾಗಿ ಇಡೋಣ. ತಳದ ನೀರು ಅವರಿಗೂ ಕಾಣಲಿ.