ಹೊಗೆಯಿಲ್ಲದ ಗಾಡಿಗೂ ಪರೀಕ್ಷೆಯೇ?

ತರ್ಕಶಾಸ್ತ್ರದ ಮೊದಲನೆಯ ಪಾಠವನ್ನು ಓದಿದ ಬಾಲಕನಿಗೂ ಒಂದು ದೃಷ್ಟಾಂತವು ಕಂಠಪಾಠವಾಗಿರುವುದು: ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಆದುದರಿಂದ ಅಲ್ಲಿ ಬೆಂಕಿಯಿರಬೇಕು. ಆದರೆ ಯಾವನಾದರೂ ಚುರುಕು ಹುಡುಗನು ಇದನ್ನು ತಿರುಗಿಸಿ, ಹೊಗೆಯಿಲ್ಲದ ಕಡೆಯಲ್ಲಿ ಬೆಂಕಿಯೂ ಇಲ್ಲವೆಂದು ಹೇಳಹೊರಟರೆ, ಗುರುಗಳು ಕಾದ ಕಬ್ಬಿಣದ ಗುಂಡಿನ ಉದಾಹರಣೆಯನ್ನು ಕೊಟ್ಟು ಅವನ ಬಾಯಿ ಮುಚ್ಚಿಸುತ್ತಿದ್ದರು. ಕೆಂಪಗೆ ಕಾದ ಆ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ; ಮುಟ್ಟಿದವನ ಕೈಯನ್ನು ಅದು ಸುಡದೆ ಬಿಡದು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಮಕ್ಕಳಿಗೆ ಈ ಪಾಠವನ್ನು ಹೇಳಿದ ನಮಗೆ, ಇದು ಒಂದು ದಿನ ಮೋಟಾರು ಗಾಡಿಯ ವಿಷಯದಲ್ಲಿ ಉಪಯೋಗಕ್ಕೆ ಬಂದೀತೆಂದು ಸ್ವಪ್ನದಲ್ಲಿಯೂ ತೋರಿರಲಿಲ್ಲ.

2025ನೆಯ ಇಸವಿಯ ಬೇಸಗೆಯಲ್ಲಿ ನಾವು ಮಗಳ ಮನೆಯಲ್ಲಿ ಕೆಲವು ವಾರ ಇದ್ದು ಬರುವುದಕ್ಕಾಗಿ ಇಂಗ್ಲೆಂಡಿಗೆ ಹೋಗಿದ್ದೆವು. ಅಳಿಯಂದಿರ ಬಳಿ ವಿದ್ಯುಚ್ಛಕ್ತಿಯಿಂದ ನಡೆಯುವ ಕಾರೊಂದುಂಟು. ಅದಕ್ಕೆ ಆಗ ಮೂರು ವರ್ಷ ತುಂಬುವುದರಲ್ಲಿದ್ದಿತು. ಆ ದೇಶದ ಕಾನೂನಿನಂತೆ, ಮೂರು ವರ್ಷ ತುಂಬಿದ ಕಾರನ್ನು ಅಲ್ಲಿಂದ ಮುಂದೆ ವರ್ಷಕ್ಕೊಂದಾವರ್ತಿ, ಸರಕಾರದ ಅಪ್ಪಣೆ ಪಡೆದ ಪರೀಕ್ಷಾಸ್ಥಾನಕ್ಕೆ ಒಯ್ದು, ತಪಾಸಣೆ ಮಾಡಿಸಿ, ಯೋಗ್ಯತಾಪತ್ರವನ್ನು ಪಡೆಯತಕ್ಕದ್ದು. ಜನರು ಇದನ್ನು ಎಂ. ಓ. ಟಿ. ಪರೀಕ್ಷೆಯೆಂದು ಕರೆಯುವರು, ಹಿಂದಿನ ಸಾರಿಗೆ ಮಂತ್ರಾಲಯದ ಹೆಸರಿನ ಮೊದಲಕ್ಷರಗಳು ಹಾಗೆಯೇ ಉಳಿದುಬಂದಿವೆ. ಕಾರಿಗೆ ಗೊತ್ತುಮಾಡಿರುವ ಅತ್ಯಧಿಕ ಶುಲ್ಕ 54 ಪೌಂಡು 85 ಪೆನ್ಸು. ಪತ್ರವಿಲ್ಲದೆ ಗಾಡಿ ಓಡಿಸಿದವರಿಗೆ 1000 ಪೌಂಡಿನವರೆಗೂ ದಂಡ ಬೀಳಬಹುದು.

ಅಳಿಯಂದಿರಿಗೆ ಇದು ಸಮ್ಮತವಾಗಿರಲಿಲ್ಲ. “ಮಾವನವರೇ, ಇದರಲ್ಲಿ ಪೆಟ್ರೋಲಿಲ್ಲ, ಹೊಗೆಯ ಕೊಳವೆಯಿಲ್ಲ, ಎಂಜಿನಿನ ಎಣ್ಣೆ ಬದಲಾಯಿಸುವ ಕೆಲಸವಿಲ್ಲ. ಇವರು ಪರೀಕ್ಷೆ ಮಾಡುವುದಾದರೂ ಏನನ್ನು? ಇದುವರೆಗೆ ಇಲ್ಲದ ರಸ್ತೆಯ ತೆರಿಗೆಯನ್ನು ಈ ಏಪ್ರಿಲ್ಲಿನಿಂದ ನಮಗೂ ಹಾಕಿದರು, ವರ್ಷಕ್ಕೆ 195 ಪೌಂಡು. ಅದರ ಮೇಲೆ ಈಗ ಇದು ಬೇರೆ!” ಎಂದರು. ಗಡುವಿಗೆ ಇನ್ನೂ ಹದಿನೈದು ದಿನವಿದ್ದಿತು. ಮುಂದಿನ ವಾರ ಮಕ್ಕಳನ್ನು ಕರೆದುಕೊಂಡು ಸಮುದ್ರತೀರಕ್ಕೆ ಹೋಗಿಬಂದು, ಆಮೇಲೆ ಪರೀಕ್ಷೆಯನ್ನು ನೋಡಿಕೊಳ್ಳೋಣವೆಂದು ಅವರ ಯೋಚನೆ.

ಯಂತ್ರಗಳ ವಿಷಯದಲ್ಲಿ ನಾವು ಕೇವಲ ಅಜ್ಞರು. ಆದರೆ ನಮ್ಮ ತೀರ್ಥರೂಪರು ಬಂಡಿ ಕಟ್ಟಿಸಿಕೊಂಡು ಪರಸ್ಥಳಕ್ಕೆ ಹೊರಡುವಾಗಲೆಲ್ಲ, ಹೆಂಗಸರು ಮಕ್ಕಳು ಹತ್ತುವ ಮೊದಲು ಎರಡು ಗಾಲಿಗಳ ಕಡಾಣಿಯನ್ನೂ ಕೈಯಿಂದ ಮುಟ್ಟಿ ನೋಡುತ್ತಿದ್ದುದನ್ನು ನಾವು ಕಣ್ಣಾರೆ ಕಂಡವರು. ಬಂಡಿಗೂ ಹೊಗೆಯ ಕೊಳವೆಯಿರಲಿಲ್ಲ. “ಹೇಗೂ ಕೊಡಬೇಕಾದ ಹಣ, ಪ್ರಯಾಣಕ್ಕೆ ಮೊದಲೇ ಕೊಟ್ಟುಬಿಡಿ” ಎಂದೆವು. ಗಡುವಿಗೆ ಒಂದು ತಿಂಗಳೊಳಗೆ ಮುಂಚಿತವಾಗಿ ಮಾಡಿಸಿದರೂ ಮುಂದಿನ ವರ್ಷದ ತಾರೀಖು ಹಿಂದಕ್ಕೆ ಬರುವುದಿಲ್ಲವೆಂದು ತಿಳಿದ ಮೇಲೆ, ಅವರು ಹಿರಿಯರ ಮಾತಿಗೆ ಮರ್ಯಾದೆ ಕೊಟ್ಟು ಒಪ್ಪಿದರು.

ಪರೀಕ್ಷಕನು ಗಾಡಿಯನ್ನು ಯಂತ್ರದಿಂದ ಮೇಲಕ್ಕೆತ್ತಿಸಿ, ದೀಪ ಹಿಡಿದು ಕೆಳಗಿನಿಂದ ನೋಡಿದನು. ಮುಂದಿನ ಎರಡು ಟೈರುಗಳೂ ಹೊರಗಿನಿಂದ ನೋಡುವವರಿಗೆ ಚೆನ್ನಾಗಿಯೇ ಇದ್ದುವು. ಆದರೆ ಯಾರ ದೃಷ್ಟಿಗೂ ಬೀಳದ ಒಳಮಗ್ಗುಲಿನಲ್ಲಿ ರಬ್ಬರು ಸವೆದು ಹೋಗಿ, ಅದರೊಳಗಿನ ನೂಲು ಕಾಣುತ್ತಿದ್ದಿತು. 2018ರ ಮೇ ತಿಂಗಳಿನಿಂದ ಆ ದೇಶದಲ್ಲಿ ದೋಷಗಳನ್ನು ಅಪಾಯಕರ, ಗುರುತರ, ಅಲ್ಪ ಎಂದು ಮೂರು ತರಗತಿಗಳಾಗಿ ವಿಂಗಡಿಸುತ್ತಾರೆ. ನಮ್ಮವರ ಗಾಡಿಗೆ ಬಂದುದು ಮೊದಲನೆಯ ತರಗತಿ. ಅಂದರೆ ದುರಸ್ತಿಯಾಗದೆ ಅದನ್ನು ರಸ್ತೆಗೆ ಇಳಿಸಲೇಕೂಡದು. ಮೂರು ದಿನ ಕಳೆದಿದ್ದರೆ ಅದೇ ಗಾಡಿಯು, ಹಿಂದಿನ ಪೀಠದಲ್ಲಿ ನಮ್ಮ ಇಬ್ಬರು ಮೊಮ್ಮಕ್ಕಳನ್ನು ಕೂರಿಸಿಕೊಂಡು, ಗಂಟೆಗೆ 70 ಮೈಲಿ ವೇಗವನ್ನು ಅನುಮತಿಸುವ ಹೆದ್ದಾರಿಯಲ್ಲಿ ಓಡಬೇಕಾಗಿದ್ದಿತು. ಮಗಳು ಆ ಟೈರನ್ನು ನೋಡಿ ಒಂದು ಮಾತನ್ನೂ ಆಡಲಿಲ್ಲ. ನಮ್ಮ ಕೈಯನ್ನು ಹಿಡಿದುಕೊಂಡು ನಿಂತಳು. ಅಲ್ಲಿಯೇ ಹೊಸ ಟೈರುಗಳನ್ನು ಹಾಕಿಸಿದ್ದಾಯಿತು. ಅದಕ್ಕೆ ಇನ್ನೂರು ಪೌಂಡಿಗೆ ಮಿಕ್ಕಿ ವೆಚ್ಚ ತಗಲಿತು. ಗಾಡಿಯನ್ನು ಅಲ್ಲಿಯೇ ಬಿಟ್ಟು ದುರಸ್ತಿ ಮಾಡಿಸಿದುದರಿಂದ ಮರುಪರೀಕ್ಷೆಗೆ ಬೇರೆ ಶುಲ್ಕ ಬೇಕಾಗಲಿಲ್ಲ.

ಇದು ದೈವವಶಾತ್ ನಮ್ಮವರ ಗಾಡಿಯೊಂದಕ್ಕೆ ಬಂದ ದೋಷವೆಂದು ವಾಚಕರು ತಿಳಿಯಬಾರದು. ವಿದ್ಯುತ್ ಗಾಡಿಯ ಸ್ವಭಾವದಲ್ಲಿಯೇ ಇದಕ್ಕೆ ಕಾರಣವುಂಟು. ಅದು ಹೊತ್ತಿರುವ ಬ್ಯಾಟರಿಯು ಹಲವು ನೂರು ಕಿಲೋಗ್ರಾಂ ತೂಕದ್ದು. ಆದುದರಿಂದ ಅದೇ ಗಾತ್ರದ ಪೆಟ್ರೋಲು ಗಾಡಿಗಿಂತ ಅದರ ಭಾರ ಹೆಚ್ಚು. ಮೇಲಾಗಿ, ಕಾಲಿಟ್ಟ ಕೂಡಲೆ ಮೋಟಾರು ತನ್ನ ಪೂರ್ಣ ಬಲದಿಂದ ಗಾಲಿಯನ್ನು ತಿರುಗಿಸುವುದು. ಭಾರವೂ ಬಲವೂ ಕೂಡಿದಲ್ಲಿ ಟೈರು ಬೇಗ ಸವೆಯುವುದು ಸಹಜವೇ. ಬ್ರೇಕಿನ ಸ್ಥಿತಿಯು ಇದಕ್ಕೆ ವಿಪರೀತವಾದುದು. ವೇಗವನ್ನು ತಗ್ಗಿಸುವಾಗ ಈ ಗಾಡಿಯ ಮೋಟಾರೇ ಹಿಂತಿರುಗಿ ವಿದ್ಯುತ್ತನ್ನು ಉತ್ಪತ್ತಿಮಾಡಿ ಬ್ಯಾಟರಿಗೆ ತುಂಬುವುದರಿಂದ, ಬ್ರೇಕಿನ ಲೋಹದ ತಟ್ಟೆಗಳಿಗೆ ಕೆಲಸ ಕಡಿಮೆ. ಉಜ್ಜಾಟವಿಲ್ಲದ ಕಬ್ಬಿಣಕ್ಕೆ ತೇವ ತಗಲಿದರೆ ತುಕ್ಕು ಹಿಡಿಯುವುದನ್ನು ಬಲ್ಲದ ಗೃಹಿಣಿಯುಂಟೆ? ದಿನವೂ ಬಳಸುವ ದೋಸೆಯ ಕಾವಲಿ ಹೊಳೆಯುವುದು. ಅಟ್ಟದ ಮೇಲಿಟ್ಟ ಕಾವಲಿ ತುಕ್ಕು ಹಿಡಿಯುವುದು. ಹೀಗೆ ಒಂದು ಅಂಗವು ಅತಿಯಾದ ಕೆಲಸದಿಂದಲೂ ಇನ್ನೊಂದು ಅಂಗವು ಕೆಲಸವಿಲ್ಲದೆಯೂ ಕೆಡುತ್ತವೆ.

ಈ ಪರೀಕ್ಷೆಯ ಪೂರ್ವಚರಿತ್ರೆಯನ್ನು ನೋಡಿದರೂ ಇದೇ ತಿಳಿಯುವುದು. ಬ್ರಿಟನ್ನಿನಲ್ಲಿ ಇದು ಆರಂಭವಾದುದು 1960ನೆಯ ಸೆಪ್ಟೆಂಬರಿನಲ್ಲಿ. ಆಗ ಹತ್ತು ವರ್ಷ ಮೀರಿದ ಗಾಡಿಗಳನ್ನು ಮಾತ್ರ ನೋಡುತ್ತಿದ್ದರು. ನೋಡುತ್ತಿದ್ದುದು ಬ್ರೇಕು, ದೀಪ, ಚಾಲನಚಕ್ರ ಇವು ಮೂರನ್ನೇ. ತೇರ್ಗಡೆಯಾಗದ ಗಾಡಿಗಳು ಬಹಳವಾಗಿದ್ದುದರಿಂದ ವಯಸ್ಸಿನ ಮಿತಿಯನ್ನು ಬೇಗನೆ ಏಳು ವರ್ಷಕ್ಕೂ, 1967ರಲ್ಲಿ ಮೂರು ವರ್ಷಕ್ಕೂ ಇಳಿಸಿದರು. ಪೆಟ್ರೋಲು ಗಾಡಿಗಳ ಹೊಗೆಯನ್ನು ಅಳೆಯುವ ಕ್ರಮವು ಸೇರಿದುದು 1991ರಲ್ಲಿ. ಎಂದರೆ, ಮೊದಲ ಮೂವತ್ತು ವರ್ಷ ಈ ಪರೀಕ್ಷೆಗೂ ಹೊಗೆಗೂ ಸಂಬಂಧವೇ ಇರಲಿಲ್ಲ. ಹೊಗೆ ಹೋದ ಮಾತ್ರಕ್ಕೆ ಪರೀಕ್ಷೆಯ ಪ್ರಯೋಜನವೂ ಹೋಯಿತೆನ್ನುವುದು, ಕಾದ ಗುಂಡನ್ನು ತಣ್ಣಗಿದೆಯೆಂದು ಕೈಗೆತ್ತಿಕೊಂಡ ಹಾಗೆ.

ಹಾಗೆಂದು ಅಳಿಯಂದಿರ ಮಾತಿನಲ್ಲಿ ನ್ಯಾಯವೇ ಇಲ್ಲವೆಂದು ನಾವು ಹೇಳುವುದಿಲ್ಲ. ವಿದ್ಯುತ್ ಗಾಡಿಗೆ ಹೊಗೆಯ ಪರೀಕ್ಷೆಯಿಲ್ಲ. ಆದರೂ ಶುಲ್ಕದ ಮಿತಿ ಎರಡಕ್ಕೂ ಒಂದೇ. ಮಾಡದ ಕೆಲಸದ ಕೂಲಿಯನ್ನು ಕಳೆಯಿರೆಂದು ಕೇಳುವ ಅಧಿಕಾರ ಗೃಹಸ್ಥನಿಗುಂಟು. ಇನ್ನೊಂದು ಕೊರತೆಯೂ ಉಂಟು. ಆ ಗಾಡಿಯಲ್ಲಿ ಅತ್ಯಂತ ಬೆಲೆಬಾಳುವ ಅಂಗವಾದ ಬ್ಯಾಟರಿಯ ಶಕ್ತಿ ಎಷ್ಟು ಉಳಿದಿದೆಯೆಂಬುದನ್ನು ಈ ಪರೀಕ್ಷೆಯು ಅಳೆಯುವುದಿಲ್ಲ. ಯೋಗ್ಯತಾಪತ್ರವೊಂದನ್ನೇ ನಂಬಿ ಹಳೆಯ ವಿದ್ಯುತ್ ಕಾರನ್ನು ಕೊಳ್ಳುವವನು ಮೋಸಹೋದಾನು. ಮತ್ತೊಂದು ಸಂಗತಿಯೇನೆಂದರೆ, ಬಹುಕಡೆಗಳಲ್ಲಿ ಪರೀಕ್ಷೆ ಮಾಡುವ ಕಾರ್ಖಾನೆಯೇ ದುರಸ್ತಿಯನ್ನೂ ಮಾಡುವುದು. ದೋಷ ಹೇಳುವವನಿಗೇ ದೋಷ ತಿದ್ದುವ ಕೂಲಿಯೂ ಸೇರುವಾಗ ಸಂದೇಹಕ್ಕೆ ಎಡೆಯಾಗುವುದು. ಇದಕ್ಕಾಗಿಯೇ ಅಲ್ಲಿ ತಿಳಿದವರು ನಗರಸಭೆಗಳು ನಡೆಸುವ ಪರೀಕ್ಷಾಸ್ಥಾನಗಳಿಗೆ ಹೋಗುವರು. ಅಲ್ಲಿ ಸಾರ್ವಜನಿಕರ ಗಾಡಿಗಳನ್ನು ದುರಸ್ತಿ ಮಾಡುವುದಿಲ್ಲವಾದುದರಿಂದ ಇಲ್ಲದ ದೋಷವನ್ನು ಹೇಳಿ ಬರುವ ಲಾಭವೂ ಇಲ್ಲ. ಶುಲ್ಕದ ವಿಷಯದಲ್ಲಿ ಇನ್ನೊಂದು ಮಾತು: 54 ಪೌಂಡು 85 ಪೆನ್ಸೆಂಬುದು 2010ರಿಂದ ಏರದೆ ನಿಂತಿರುವ ಮಿತಿ; ಅದಕ್ಕಿಂತ ಕಡಿಮೆಗೆ ಮಾಡಿಕೊಡುವವರೂ ಬೇಕಾದಷ್ಟಿದ್ದಾರೆ. ಮೊದಲನೆಯ ಪರೀಕ್ಷೆಯನ್ನು ಮೂರು ವರ್ಷದಿಂದ ನಾಲ್ಕಕ್ಕೆ ಮುಂದೂಡೋಣವೆ ಎಂದು ಅಲ್ಲಿಯ ಸರಕಾರವು 2023ರಲ್ಲಿ ಜನಾಭಿಪ್ರಾಯ ಕೇಳಿ, 2024ರಲ್ಲಿ ಮೂರೇ ಇರಲೆಂದು ನಿಶ್ಚಯಿಸಿತು. ನಾಲ್ಕಾಗಿದ್ದರೆ ಆ ಟೈರಿನ ಗತಿಯೇನಾಗುತ್ತಿದ್ದಿತೋ ನಾವರಿಯೆವು.

ಪರೀಕ್ಷೆಯನ್ನೇ ತೆಗೆದುಹಾಕಿದರೆ ಹಣ ಉಳಿಯುವುದೆಂಬ ನಂಬಿಕೆಯುಳ್ಳವರು ಅಮೆರಿಕದ ಟೆಕ್ಸಸ್ ಸಂಸ್ಥಾನವನ್ನು ನೋಡಬೇಕು. ಅಲ್ಲಿ 1951ರಿಂದ ನಡೆದುಬಂದಿದ್ದ ವಾರ್ಷಿಕ ಸುರಕ್ಷತಾ ಪರೀಕ್ಷೆಯನ್ನು, ಬಾಡಿಗೆ ವ್ಯಾಪಾರಗಳಿಗಲ್ಲದ ಸ್ವಂತ ಗಾಡಿಗಳ ಮಟ್ಟಿಗೆ, 2025ನೆಯ ಜನವರಿ 1ರಿಂದ ನಿಲ್ಲಿಸಿದರು. ಪರೀಕ್ಷಕನಿಗೆ ಕೊಡುತ್ತಿದ್ದ 7 ಡಾಲರು ಉಳಿಯಿತು, ನಿಜ. ಆದರೆ ಸರಕಾರದ ಪಾಲಾದ ಏಳೂವರೆ ಡಾಲರು ಮಾತ್ರ ‘ಪರೀಕ್ಷೆಗೆ ಬದಲಾದ ಶುಲ್ಕ’ವೆಂಬ ಹೆಸರಿನಿಂದ ಈಗಲೂ ನೋಂದಣಿಯೊಡನೆ ಸಲ್ಲುತ್ತಿದೆ. ಪೂಜೆ ನಿಂತಿತು, ಮಂಗಳಾರತಿಯ ತಟ್ಟೆ ಮಾತ್ರ ಬರುತ್ತಲೇ ಇದೆ. ವಿದ್ಯುತ್ ಗಾಡಿಯವರು ಪೆಟ್ರೋಲಿನ ಮೇಲಿನ ತೆರಿಗೆ ಕೊಡುವುದಿಲ್ಲವೆಂದು 2023ನೆಯ ಸೆಪ್ಟೆಂಬರಿನಿಂದ ಅವರ ಮೇಲೆ ವರ್ಷಕ್ಕೆ 200 ಡಾಲರು ಬೇರೆ ಹೊರಿಸಿದ್ದಾರೆ. ತೆರಿಗೆ ಬೇರೆ, ಪರೀಕ್ಷೆಯ ಕೂಲಿ ಬೇರೆ. ತೆರಿಗೆಯ ಮೇಲಿನ ಸಿಟ್ಟನ್ನು ಪರೀಕ್ಷೆಯ ಮೇಲೆ ತೀರಿಸಿಕೊಂಡರೆ ತೆರಿಗೆಯೂ ಉಳಿಯುವುದು, ಪರೀಕ್ಷೆಯೂ ಹೋಗುವುದು.

ಇನ್ನು ನಮ್ಮ ಮನೆಯ ಕಡೆಗೆ ಬರೋಣ. ನಮ್ಮ ದೇಶದಲ್ಲಿ ಸ್ವಂತ ಉಪಯೋಗದ ಕಾರಿಗೆ ಮೊದಲ ನೋಂದಣಿಯು ಹದಿನೈದು ವರ್ಷ. ಅದನ್ನು ನವೀಕರಿಸುವಾಗ ಮಾತ್ರ ಗಾಡಿಯ ತಪಾಸಣೆಯಾಗುವುದು. ಬಾಡಿಗೆಯ ಗಾಡಿಗಳಾದರೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷವರ್ಷವೂ ಯೋಗ್ಯತಾಪತ್ರ ಪಡೆಯಬೇಕು. ಪೆಟ್ರೋಲು ಡೀಸೆಲ್ ಗಾಡಿಯವರು ನಡುವೆ ಹೊಗೆಯ ಪರೀಕ್ಷೆಗಾದರೂ ಹೋಗಿಬರುವರು; ವಿದ್ಯುತ್ ಗಾಡಿಗೆ ಅದೂ ಇಲ್ಲ. ನೋಂದಣಿಪತ್ರದ ಶುಲ್ಕವನ್ನೂ ಅದರ ನವೀಕರಣದ ಶುಲ್ಕವನ್ನೂ ಕೇಂದ್ರಸರಕಾರವು 2021ನೆಯ ಆಗಸ್ಟಿನಿಂದ ಈ ಗಾಡಿಗಳಿಗೆ ಬಿಟ್ಟುಕೊಟ್ಟಿದೆ. ಇದೆಲ್ಲವೂ ಸಂತೋಷವೇ. ಆದರೆ ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು: ಕಾನೂನಿನ ಕಣ್ಣು ಹದಿನೈದು ವರ್ಷಗಳ ಕಾಲ ಆ ಗಾಡಿಯ ಅಡಿಭಾಗವನ್ನು ನೋಡದು. ಬ್ರಿಟನ್ನಿನವನು 54 ಪೌಂಡು ಕೊಟ್ಟು ಗೊಣಗುವನು. ನಾವು ಏನನ್ನೂ ಕೊಡದೆ ನಿಶ್ಚಿಂತರಾಗಿರುವೆವು. ಇಬ್ಬರಲ್ಲಿ ಯಾರ ಮಕ್ಕಳು ಹೆಚ್ಚು ಸುರಕ್ಷಿತರೆಂದು ವಾಚಕರೇ ಯೋಚಿಸಲಿ.

ಕಾನೂನು ಕೇಳದಿದ್ದರೂ ಗೃಹಸ್ಥನು ತನಗೆ ತಾನೇ ಕಾನೂನು ಮಾಡಿಕೊಳ್ಳಬಹುದು. ವರ್ಷಕ್ಕೊಂದು ದಿನವನ್ನು ಗೊತ್ತುಮಾಡಿ, ಆಯುಧಪೂಜೆಯ ಹಿಂದಿನ ದಿನವಾದರೆ ಮರೆಯುವ ಸಂಭವವೂ ಇಲ್ಲ, ಗಾಡಿಯನ್ನು ಮೇಲೆತ್ತಿಸಿ ಟೈರು, ಬ್ರೇಕು, ಚಾಲನಚಕ್ರದ ಕೀಲುಗಳು, ದೀಪ, ಇವುಗಳನ್ನು ತಿಳಿದವರಿಂದ ನೋಡಿಸತಕ್ಕದ್ದು. ಅವರು ಹೇಳಿದ ದೋಷವನ್ನು ಬಾಯಿಮಾತಿನಲ್ಲಿ ಬಿಡದೆ ಕಾಗದದಲ್ಲಿ ಬರೆಯಿಸಿಕೊಳ್ಳತಕ್ಕದ್ದು. ಮಳೆಗಾಲದಲ್ಲಿ, ಅದರಲ್ಲಿಯೂ ಕರಾವಳಿಯವರು, ನಿರ್ಜನವಾದ ರಸ್ತೆಯಲ್ಲಿ ಆಗಾಗ್ಗೆ ಬ್ರೇಕನ್ನು ಬಲವಾಗಿ ಒತ್ತಿ ತಟ್ಟೆಗಳಿಗೆ ಕೆಲಸ ಕೊಡುತ್ತಿರಬೇಕು. ಒಂದು ಕಾಸಿನ ಖರ್ಚಿಲ್ಲದ ಉಪಾಯವೂ ಉಂಟು: ನಿಂತ ಗಾಡಿಯ ಚಾಲನಚಕ್ರವನ್ನು ಪೂರ್ತಿಯಾಗಿ ಒಂದು ಕಡೆಗೆ ತಿರುಗಿಸಿದರೆ ಮುಂದಿನ ಟೈರಿನ ಒಳಮಗ್ಗುಲು ಹೊರಕ್ಕೆ ಕಾಣುವುದು.

ಊರಿಗೆ ಬಂದ ಮರುದಿನವೇ ನಾವು ನಮ್ಮ ಮಗನ ಕಾರಿನ ಚಕ್ರವನ್ನು ಹಾಗೆ ತಿರುಗಿಸಲು ಹೇಳಿ, ಕನ್ನಡಕ ಹಾಕಿಕೊಂಡು ನೆಲದ ಮೇಲೆ ಕುಕ್ಕುರುಗಾಲಿನಲ್ಲಿ ಕುಳಿತು ನೋಡಿದೆವು. ಬೀದಿಯವರು ನಕ್ಕರು. ಟೈರು ಚೆನ್ನಾಗಿದ್ದಿತು.