ಮನೆಬಾಗಿಲಿಗೆ ಬರುವ ದಾದಿ



ರೋಗಿ ಬರಲೆಂದು ಆಸ್ಪತ್ರೆಯಲ್ಲಿ ಕಾಯುವ ದಾದಿಯ ಕೆಲಸ ಒಂದು ಬಗೆ. ರೋಗಿಯಿದ್ದಲ್ಲಿಗೇ ನಡೆದು ಹೋಗುವ ದಾದಿಯ ಕೆಲಸ ಇನ್ನೊಂದು ಬಗೆ. ಈ ಎರಡನೆಯ ಕೆಲಸದ ಕಷ್ಟವೆಲ್ಲ ಅದರ ಆರಂಭದಲ್ಲಿದೆ.

1859ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಪಟ್ಟಣದ ವರ್ತಕ ವಿಲಿಯಂ ರಾತ್‌ಬೋನ್‌ರವರ ಪತ್ನಿ ತೀರಿಕೊಂಡರು. ಕೊನೆಯ ದಿನಗಳಲ್ಲಿ ಅವರ ಶುಶ್ರೂಷೆ ಮಾಡಿದವರು ಮೇರಿ ರಾಬಿನ್‌ಸನ್ ಎಂಬ ದಾದಿ. ಉಳ್ಳವರ ಮನೆಗೇ ಈಕೆಯಿಂದ ಇಷ್ಟು ಉಪಕಾರವಾದರೆ ಇಲ್ಲದವರ ಮನೆಗೆ ಎಷ್ಟಾಗಬಹುದೆಂದು ಯೋಚಿಸಿದ ರಾತ್‌ಬೋನ್, ಬಡವರ ಕೇರಿಗಳಿಗೆ ಹೋಗಲು ಮೇರಿಯವರನ್ನೇ ಮೂರು ತಿಂಗಳಿಗೆ ನೇಮಿಸಿದರು. ಒಂದು ತಿಂಗಳಾಗುವಾಗ ಆಕೆ ಅಳುತ್ತಾ ಹಿಂದಿರುಗಿದರು. ಕಣ್ಣಾರೆ ಕಂಡ ಸಂಕಟವನ್ನು ತಾಳಲಾರೆನೆಂದರು. ಇನ್ನಷ್ಟು ದಿನ ನೋಡಿರೆಂದು ರಾತ್‌ಬೋನ್ ಧೈರ್ಯ ಹೇಳಿದರು. ಮೂರು ತಿಂಗಳು ತುಂಬಿದಾಗ, ಈ ಕೆಲಸವನ್ನು ಬಿಡಲಾರೆನೆಂದು ಹೇಳಿದವರೂ ಅದೇ ಮೇರಿ. 1862ರಲ್ಲಿ ಅಲ್ಲಿ ದಾದಿಯರ ತರಬೇತಿ ಶಾಲೆ ಆರಂಭವಾಯಿತು. ಪಟ್ಟಣವನ್ನು 18 ವಿಭಾಗ ಮಾಡಿ ಮನೆಮನೆಗೆ ಹೋಗುವ ದಾದಿಯರನ್ನು ನೇಮಿಸಲಾಯಿತು.

ನಮ್ಮ ದೇಶದಲ್ಲಿ ಬಯಲುಸೀಮೆಯ 5,000 ಜನರಿಗೆ, ಗುಡ್ಡಗಾಡಿನ 3,000 ಜನರಿಗೆ ಒಂದು ಆರೋಗ್ಯ ಉಪಕೇಂದ್ರವಿರಬೇಕೆಂಬುದು ನಿಯಮ. ಅಲ್ಲಿಂದ ಹೊರಟು ಲೈನುಗಳಿಗೆ ಬರುವ ನರ್ಸಮ್ಮ ಬಹುಮಟ್ಟಿಗೆ ಹೊಸಬಳು, ಚಿಕ್ಕ ವಯಸ್ಸಿನವಳು. ಆಕೆ ಬರುವ ಹೊತ್ತಿಗೆ ತಾಯಂದಿರೆಲ್ಲ ತೋಟದಲ್ಲಿ, ಮನೆಗಳಿಗೆ ಬೀಗ. ಗುಡ್ಡ ಹತ್ತಿ ಬಂದವಳು ಬರಿಗೈಯಲ್ಲಿ ಇಳಿದು ಹೋಗುತ್ತಾಳೆ. ಹೀಗೆ ನಾಲ್ಕು ಸಲವಾದರೆ ವರ್ಗಾವಣೆಗೆ ಅರ್ಜಿ ಬರೆಯುತ್ತಾಳೆ. ಆಗ ನಷ್ಟ ಯಾರಿಗೆ? ಚುಚ್ಚುಮದ್ದು ತಪ್ಪಿದ ಕೂಸಿಗೆ, ರಕ್ತದೊತ್ತಡ ನೋಡಿಸದ ಗರ್ಭಿಣಿಗೆ.

ಆದುದರಿಂದ ಎಲೆ ತೂಗುವ ಹೊತ್ತನ್ನೂ ಸ್ಥಳವನ್ನೂ ಆಕೆಗೆ ತಿಳಿಸಿರಿ. ಅಲ್ಲಿ ಎಲ್ಲರೂ ಒಟ್ಟಿಗೆ ಸಿಗುತ್ತಾರೆ. ಗರ್ಭಿಣಿಯರ ಹೆಸರನ್ನು ಮೊದಲೇ ಬರೆಸಿರಿ. ಆನೆ ಓಡಾಡುವ ದಾರಿಯಲ್ಲಿ ಒಬ್ಬರನ್ನು ಜೊತೆಗೆ ಕಳುಹಿಸಿರಿ.

ನಮ್ಮ ಹೆಣ್ಣುಮಕ್ಕಳೂ ಈ ಕೆಲಸಕ್ಕೆ ಹೋಗಬಹುದು. ಎ.ಎನ್.ಎಂ. ತರಬೇತಿ ಎರಡು ವರ್ಷದ್ದು. ಪ್ಲಸ್ ಟು ಪಾಸಾಗಿರಬೇಕು. ವಿಜ್ಞಾನವನ್ನೇ ಓದಿರಬೇಕೆಂದಿಲ್ಲ, 17 ವರ್ಷ ತುಂಬಿರಬೇಕು. ಲೈನಿನ ಮನೆ ಹೇಗಿರುತ್ತದೆ, ತಾಯಿ ಯಾವಾಗ ಮನೆಯಲ್ಲಿರುತ್ತಾಳೆ ಎಂಬುದನ್ನು ಅವಳಿಗೆ ಯಾರೂ ಕಲಿಸಬೇಕಾಗಿಲ್ಲ.

ಮಗಳು ಹೊಸ ಊರಿಗೆ ಕೆಲಸಕ್ಕೆ ಹೋಗಿ ಮೊದಲ ತಿಂಗಳಲ್ಲೇ ಅತ್ತು ಕಾಗದ ಬರೆದರೆ, ಫೋನು ಮಾಡಿದರೆ, ಕೂಡಲೇ ವಾಪಸ್ಸು ಕರೆಯಬೇಡಿರಿ. ಒಮ್ಮೆ ಹೋಗಿ ನೋಡಿ ಬನ್ನಿರಿ. ಉಳಿದ ಎರಡು ತಿಂಗಳು ಧೈರ್ಯ ಹೇಳಿರಿ.