ಕಣ್ಣು ಸರಿ ಇದೆ, ಅಕ್ಷರವೇ ಸಣ್ಣದು

ಸರ್ಟಿಫಿಕೇಟಿನಲ್ಲಿ ಹೆಸರು ತಪ್ಪಾಗಿ ಬಂದರೆ ನಾವು ಮೊದಲು ಬೈಯುವುದು ಟೈಪ್ ಮಾಡಿದ ಹುಡುಗನನ್ನ. "ಕಣ್ಣು ಕಾಣಲ್ವೇನಪಾ?" ಅಂತ ಕೇಳಿಬಿಡುತ್ತೇವೆ. ಹೊಸಹಳ್ಳಿ, ಕೂಡ್ಲಿಗಿ, ಕೊಟ್ಟೂರು ಕಡೆ ಸುದ್ದಿಗೆ ಓಡಾಡುವಾಗ ಇಂಥ ಹುಡುಗರ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ನೋಡಿದ್ದೇವೆ. ಮೂಗು ಪರದೆಗೆ ತಾಗುವಷ್ಟು ಬಗ್ಗಿರುತ್ತಾರೆ. "ದೊಡ್ಡದು ಮಾಡೋ" ಅಂದರೆ, "ಇದರಲ್ಲಿ ಆಗಲ್ಲಣ್ಣ, ಇಷ್ಟೇ ಬರೋದು" ಅನ್ನುತ್ತಾರೆ.

ಆ ಮಾತು ನಿಜ. ಎಷ್ಟೋ ಹಳೇ ಸಾಫ್ಟ್‌ವೇರ್‌ಗಳನ್ನು ಮಾಡಿದ್ದು ಡಬ್ಬಿಯಂಥ ಮಾನಿಟರ್ ಕಾಲದಲ್ಲಿ. ಆಗ ಒಂದು ಇಂಚಿಗೆ 96 ಚುಕ್ಕಿ ಅನ್ನುವ ಲೆಕ್ಕ. ಈಗಿನ 14 ಇಂಚಿನ ಫುಲ್ ಎಚ್‌ಡಿ ಲ್ಯಾಪ್‌ಟಾಪಿನಲ್ಲಿ ಒಂದು ಇಂಚಿಗೆ ಸುಮಾರು 157 ಚುಕ್ಕಿ. 12 ಚುಕ್ಕಿ ಎತ್ತರದ ಅಕ್ಷರ ಆಗ 3 ಮಿಲಿಮೀಟರ್ ಇದ್ದದ್ದು ಈಗ 2 ಮಿಲಿಮೀಟರಿಗೆ ಇಳಿಯುತ್ತದೆ. ಇಂಗ್ಲಿಷಿಗೆ ಅಷ್ಟು ಹೇಗೋ ಸಾಲುತ್ತದೆ. ಕನ್ನಡಕ್ಕೆ ಸಾಲುವುದಿಲ್ಲ. ನಮ್ಮದು ಮೂರು ಅಂತಸ್ತಿನ ಮನೆ: ಮೇಲೆ ತಲೆಕಟ್ಟು, ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತು. 12 ಚುಕ್ಕಿಯನ್ನು ಮೂರಕ್ಕೂ ಹಂಚಿದರೆ ಒತ್ತಿಗೆ ಸಿಗುವುದು ನಾಲ್ಕೇ ಚುಕ್ಕಿ. ಅದರಲ್ಲಿ ಟ ಒತ್ತು ಯಾವುದು, ರ ಒತ್ತು ಯಾವುದು ಹೇಳಿ ನೋಡೋಣ. ದಕ್ಕೂ ಧಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಗೆರೆ. ಮೊದಲು ಮಾಯವಾಗುವುದೇ ಅದು.

ನಮ್ಮ ಸೀಮೆಯ ಹೆಸರುಗಳೋ, ಒತ್ತಿಲ್ಲದೆ ಹುಟ್ಟಿದವೇ ಕಡಿಮೆ. ಕೊಟ್ರೇಶ, ತಿಪ್ಪೇಸ್ವಾಮಿ, ದುರುಗಮ್ಮ, ಚನ್ನಬಸಪ್ಪ. ಊರುಗಳೂ ಹಾಗೇ: ಕೊಟ್ಟೂರು, ಕೂಡ್ಲಿಗಿ, ಉಜ್ಜಿನಿ. ಕೊಟ್ರಮ್ಮ ಹೋಗಿ ಕೊಟ್ಟಮ್ಮ ಆದರೆ ಪರದೆ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಪ್ರಿಂಟ್ ಬಂದ ಮೇಲೆ ಗೊತ್ತಾಗುತ್ತದೆ, ಎಷ್ಟೋ ಸಲ ಆಗಲೂ ಇಲ್ಲ. ಆಧಾರಿನಲ್ಲಿ ಒಂದು, ದಾಖಲೆಯಲ್ಲಿ ಇನ್ನೊಂದು ಅಂತ ಬ್ಯಾಂಕಿನವರು ಹೇಳಿದಾಗಲೇ ತಿಳಿಯುವುದು. ಆಮೇಲೆ ಅಫಿಡವಿಟ್ಟು, ನೋಟರಿ, ಬಸ್ ಚಾರ್ಜು, ಎರಡು ದಿನದ ಕೂಲಿ ಹೋಯಿತು. ಸಾಫ್ಟ್‌ವೇರ್ ಬರೆದವರ ಜೇಬಿನಿಂದ ಒಂದು ರೂಪಾಯಿ ಹೋಗುವುದಿಲ್ಲ.

ಟೈಪ್ ಮಾಡುವವರೆಲ್ಲ ಇಪ್ಪತ್ತರ ಹುಡುಗರೂ ಅಲ್ಲ. ನಲವತ್ತು ದಾಟಿದವರಿಗೆ ಚಾಳೀಸು ಬರುವುದು ಸಹಜ. ಸಣ್ಣ ಅಕ್ಷರ ಅಂದರೆ ಅವರನ್ನು ಕೆಲಸದಿಂದ ಸದ್ದಿಲ್ಲದೆ ಹೊರಗೆ ಕಳಿಸಿದ ಹಾಗೆ.

ಸದ್ಯಕ್ಕೆ ಆಗುವ ಕೆಲಸ ಹೇಳುತ್ತೇವೆ, ಅಂಗಡಿಯ ತಮ್ಮಂದಿರಿಗೆ ತೋರಿಸಿ. ಬ್ರೌಸರಿನಲ್ಲಿ ತೆರೆಯುವ ಪುಟವಾದರೆ ಕಂಟ್ರೋಲ್ ಕೀ ಒತ್ತಿ ಮೌಸ್ ಚಕ್ರ ತಿರುಗಿಸಿದರೆ ಸಾಕು. ಕಂಪ್ಯೂಟರಿಗೇ ಹಾಕಿದ ಸಾಫ್ಟ್‌ವೇರ್ ಆದರೆ ಮೊದಲು ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಸ್ಕೇಲ್ 125 ಅಥವಾ 150 ಮಾಡಿ. ಅದಕ್ಕೂ ಜಗ್ಗದಿದ್ದರೆ ಸಾಫ್ಟ್‌ವೇರಿನ ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿ, ಅದರೊಳಗೆ ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್‌ಗೆ ಹೋಗಿ. ಕೆಳಗಿನ ಓವರ್‌ರೈಡ್ ಚೌಕಕ್ಕೆ ಟಿಕ್ ಹಾಕಿ 'ಸಿಸ್ಟಮ್' ಅಥವಾ 'ಸಿಸ್ಟಮ್ ಎನ್‌ಹಾನ್ಸ್ಡ್' ಆರಿಸಿ, ಸಾಫ್ಟ್‌ವೇರ್ ಮುಚ್ಚಿ ತೆರೆಯಿರಿ. 'ಸಿಸ್ಟಮ್'ನಲ್ಲಿ ಅಕ್ಷರ ಸ್ವಲ್ಪ ಮಂಜಾಗಬಹುದು, ಆದರೆ ದೊಡ್ಡದಾಗುತ್ತದೆ. ಪರದೆಯ ರೆಸೊಲ್ಯೂಶನ್ ಇಳಿಸುವುದು ಕೊನೆಯ ದಾರಿ; ಎಲ್ಲವೂ ಮಸುಕಾಗುತ್ತದೆ.

ಏನೂ ಆಗದಿದ್ದರೆ ವಿಂಡೋಸ್ ಕೀ ಜೊತೆ ಪ್ಲಸ್ ಒತ್ತಿ. ಭೂತಗನ್ನಡಿ ತೆರೆಯುತ್ತದೆ, ಯಾವ ಸಾಫ್ಟ್‌ವೇರೂ ಅದನ್ನು ತಡೆಯುವುದಿಲ್ಲ. ಮುಚ್ಚಲು ವಿಂಡೋಸ್ ಕೀ ಜೊತೆ ಎಸ್ಕೇಪ್. ಹೆಸರನ್ನು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ ಹಿಗ್ಗಿಸಿ ನೋಡುವುದೂ ಒಳ್ಳೆಯದೇ, ಯೂನಿಕೋಡ್ ಆಗಿದ್ದರೆ. ಹಳೇ ನುಡಿ ಫಾಂಟ್ ಆದರೆ ಇಂಗ್ಲಿಷ್ ಅಕ್ಷರದ ಚಿತ್ರಾನ್ನ ಬರುತ್ತದೆ!

ಆದರೆ ಇದೆಲ್ಲ ತೇಪೆ ಕೆಲಸ. ಅಕ್ಷರವನ್ನು 200 ಪರ್ಸೆಂಟ್ ಹಿಗ್ಗಿಸಿದರೂ ಪುಟ ಕೆಡಬಾರದು ಅಂತ ವೆಬ್ ಪುಟಗಳ ಜಾಗತಿಕ ಮಾನದಂಡ 2008ರಲ್ಲೇ ಹೇಳಿದೆ. ನಮ್ಮ ದೇಶದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ, ಸಾಫ್ಟ್‌ವೇರ್ ಎಲ್ಲರಿಗೂ ಬಳಸಲು ಬರುವಂತಿರಬೇಕು ಎನ್ನುವ ಐಎಸ್ 17802 ಮಾನದಂಡವೂ ಇದೆ. ಸರ್ಕಾರ ಸಾಫ್ಟ್‌ವೇರಿಗೆ ಟೆಂಡರ್ ಕರೆಯುವಾಗ ಒಂದು ಸಾಲು ಸೇರಿಸಲಿ: ಕನ್ನಡದ ಒತ್ತಕ್ಷರ ಓದುವಷ್ಟು ದೊಡ್ಡದಾಗಬೇಕು, ಆಗದಿದ್ದರೆ ಬಿಲ್ ಪಾಸಾಗುವುದಿಲ್ಲ. ಪರೀಕ್ಷೆಯನ್ನು ಬೆಂಗಳೂರಿನ ದೊಡ್ಡ ಮಾನಿಟರ್ ಮುಂದೆ ಮಾಡುವುದು ಬೇಡ. ಹೋಬಳಿಯ ಒಂದು ಅಂಗಡಿಯಲ್ಲಿ, ಚಾಳೀಸು ಹಾಕಿದ ಆಪರೇಟರ್ ಕೈಯಲ್ಲಿ, "ಕೊಟ್ರಮ್ಮ" ಅಂತ ಟೈಪ್ ಮಾಡಿಸಿ ನೋಡಲಿ.

ಅಲ್ಲಿಯವರೆಗೆ ನೀವು ಅರ್ಜಿ ಹಾಕಿಸುವಾಗ ಪ್ರಿಂಟ್ ಕೊಡುವ ಮುಂಚೆ ಹೆಸರು, ತಂದೆ ಹೆಸರು, ಸರ್ವೆ ನಂಬರ್ ಮೂರನ್ನೂ ಭೂತಗನ್ನಡಿಯಲ್ಲಿ ತೋರಿಸು ಅಂತ ಕೇಳಿ. ಅರ್ಧ ನಿಮಿಷದ ಕೆಲಸ. ಹಿಂದೆ ಸರತಿಯಲ್ಲಿ ನಿಂತವರು ಗೊಣಗಿದರೆ ಗೊಣಗಲಿ, ಅವರದ್ದೂ ಹಾಗೇ ನೋಡಿಸಿ.